ಮೆಗಲನ್‌ಗೆ ಕೊಟ್ಟ ಒಂದು ಅಂಕ

ಭೂಮಿಯನ್ನು ಮೊದಲು ಸುತ್ತಿ ಬಂದವರು ಯಾರು? ವಿಶ್ವ ಇತಿಹಾಸದ ರಸಪ್ರಶ್ನೆಗಳಲ್ಲಿ ಪದೇ ಪದೇ ಬರುವ ಪ್ರಶ್ನೆ ಇದು. ಮೆಗಲನ್ ಎಂದು ಗುರುತು ಹಾಕಿದರೆ ಒಂದು ಅಂಕ. ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೆಗಲನ್ ಸುತ್ತಿ ಬರಲೇ ಇಲ್ಲ! 1521ರಲ್ಲಿ ಫಿಲಿಪೀನ್ಸಿನ ಮಕ್ಟಾನ್ ದ್ವೀಪದ ಕಾಳಗದಲ್ಲಿ ಅವನು ಸತ್ತ. 1519ರಲ್ಲಿ ಅವನ ಮುಂದಾಳತ್ವದಲ್ಲಿ ಸ್ಪೇನಿನಿಂದ ಐದು ಹಡಗುಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೊರಟಿದ್ದರು. 1522ರ ಸೆಪ್ಟೆಂಬರಿನಲ್ಲಿ ಲೋಕ ಸುತ್ತಿ ಸ್ಪೇನಿಗೆ ಮರಳಿದ್ದು ವಿಕ್ಟೋರಿಯಾ ಎಂಬ ಒಂದೇ ಹಡಗು, ಅದರಲ್ಲಿ ಬಡಕಲಾಗಿದ್ದ 18 ಯುರೋಪಿಯನ್ನರು. ಅದನ್ನು ನಡೆಸಿ ತಂದವನು ಅದೇ ತಂಡದ ನಾವಿಕ ಎಲ್ಕಾನೋ.

ತಪ್ಪು ಉತ್ತರಕ್ಕೆ ಅಂಕ ಸಿಕ್ಕಿತಲ್ಲ ಎಂಬುದಷ್ಟೇ ನನ್ನ ಸಂಕಟವಲ್ಲ. ಸಾಂಬಾರ ಪದಾರ್ಥಗಳ ಆಸೆ, ಪಶ್ಚಿಮದಿಂದ ದಾರಿ ಹುಡುಕುವ ಹಟ, ದಾರಿಯಲ್ಲಿ ಎದ್ದ ದಂಗೆ, ಹಸಿವು, ಸಾವು, ಇಷ್ಟೆಲ್ಲವೂ ಒಂದು ಹೆಸರಿನೊಳಗೆ ಹೂತುಹೋದವು. ಪರೀಕ್ಷೆ ಅಳೆದದ್ದು ನೆನಪನ್ನು ಮಾತ್ರ.

ಇಸವಿಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯದೆ ಕಾರಣ ತಿಳಿಯುವುದಿಲ್ಲ. ಆದರೆ ಇಸವಿ ಮೆಟ್ಟಿಲು ಮಾತ್ರ. ನಾವು ಅಲ್ಲೇ ಕುಳಿತುಬಿಡುತ್ತೇವೆ.

ಇನ್ನು, ಏನನ್ನು ಕೇಳುವುದೇ ಇಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. 1789ರ ಫ್ರೆಂಚ್ ಕ್ರಾಂತಿಯ ಪ್ರಶ್ನೆ ಎಲ್ಲೆಡೆಯೂ ಇರುತ್ತದೆ. ಎರಡೇ ವರ್ಷಗಳ ನಂತರ, 1791ರಲ್ಲಿ, ಕೆರಿಬಿಯನ್ ಸಮುದ್ರದಲ್ಲಿದ್ದ ಫ್ರಾನ್ಸಿನ ವಸಾಹತು ಸೇಂಟ್ ಡೊಮಿಂಗ್‌ನ ಕಬ್ಬಿನ ತೋಟಗಳಲ್ಲಿ ಗುಲಾಮರು ತಿರುಗಿಬಿದ್ದರು. ಫ್ರಾನ್ಸ್ 1794ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ಅದಕ್ಕೆ ಮತ್ತೆ ಕಾನೂನಿನ ಮಾನ್ಯತೆ ಕೊಟ್ಟ. ಆದರೆ ಸೇಂಟ್ ಡೊಮಿಂಗ್‌ನ ಆ ಜನ ನೆಪೋಲಿಯನ್ ಕಳುಹಿಸಿದ ಸೈನ್ಯವನ್ನೇ ಸೋಲಿಸಿ 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶವನ್ನು ಕಟ್ಟಿದರು. ಇದನ್ನು ಬಿಟ್ಟು ಸ್ವಾತಂತ್ರ್ಯ, ಸಮಾನತೆ ಎಂಬ ಮಾತುಗಳನ್ನು ಹೇಗೆ ಪಾಠ ಮಾಡುತ್ತೀರಿ?

ಪ್ರಶ್ನೆಪತ್ರಿಕೆ ನನ್ನ ಕೈಗೆ ಬಂದರೆ ಇಸವಿಗಳನ್ನೆಲ್ಲ ನಾನೇ ಅಚ್ಚು ಹಾಕಿ ಕೊಡುತ್ತೇನೆ. ಕೇಳುವುದು ಇಷ್ಟು: 1789ರಲ್ಲಿ ಮಾನವ ಹಕ್ಕುಗಳ ಘೋಷಣೆ ಹೊರಡಿಸಿದ ದೇಶ, 1825ರಲ್ಲಿ ಹೈಟಿಗೆ ಮಾನ್ಯತೆ ಕೊಡಲು 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಪರಿಹಾರ ಗುಲಾಮರಾಗಿದ್ದವರಿಗಲ್ಲ, ತೋಟಗಳ ಹಳೆಯ ಒಡೆಯರಿಗೆ. ನಡುವಿನ 36 ವರ್ಷಗಳಲ್ಲಿ ಏನಾಯಿತು? ಹತ್ತು ಸಾಲು ಬರೆಯಿರಿ. ಪುಸ್ತಕ ತೆರೆದುಕೊಂಡು ಬರೆದರೂ ಸರಿಯೇ.