ಕೆಂಪು ಕೋಟೆಯ ಮಾತಿಗೆ ಮರುಮಾತು

(ಧಾರವಾಡದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮುಂದೆ 2025ರ ನವೆಂಬರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ವರ್ಷ ಆಗಸ್ಟ್ 15ರಂದು ಪ್ರಧಾನಿ ನರೇಂದ್ರ ಮೋದಿ ಕೆಂಪು ಕೋಟೆಯಿಂದ 103 ನಿಮಿಷ ಮಾತಾಡಿದರು. ಸ್ವಾತಂತ್ರ್ಯ ದಿನದಂದು ಇಷ್ಟು ಹೊತ್ತು ಮಾತಾಡಿದ ಪ್ರಧಾನಿ ಹಿಂದೆ ಯಾರೂ ಇಲ್ಲ. ಅದಾದ ಮೇಲೆ ನನ್ನ ತರಗತಿಯ ಮಕ್ಕಳಿಗೆ ಒಂದು ಕೆಲಸ ಹೇಳಿದೆ. ಭಾಷಣ ಕೇಳಿ ನಿಮಗೆ ಏನನ್ನಿಸಿತು, ಅರ್ಧ ಹಾಳೆಯಲ್ಲಿ ಬರೆಯಿರಿ, ಹೆಸರು ಹಾಕಬೇಡಿ ಅಂತ. ಆ ಹಾಳೆಗಳನ್ನು ಇಟ್ಟುಕೊಂಡೇ ಇವತ್ತು ಮಾತಾಡುತ್ತೇನೆ.

ಜಾಸ್ತಿ ಹಾಳೆಗಳಲ್ಲಿ ಇದ್ದದ್ದು ಎರಡೇ ಬಗೆಯ ಮಾತು. 'ಬಹಳ ಚಲೋ ಮಾತಾಡಿದರು' ಅನ್ನೋದು ಒಂದು. 'ಇದೆಲ್ಲಾ ಬರೀ ಮಾತು' ಅನ್ನೋದು ಇನ್ನೊಂದು. ಇವೆರಡರ ಬಗ್ಗೆ ನನಗೆ ಹೇಳಲಿಕ್ಕೆ ಹೆಚ್ಚೇನಿಲ್ಲ. ಭಾಷಣ ಶುರುವಾಗುವ ಮೊದಲೇ ಇವನ್ನು ಬರೆದಿಡಬಹುದಿತ್ತು, ಅಲ್ವಾ? ಆದರೆ ನಡುನಡುವೆ ಕೆಲವು ಹಾಳೆಗಳು ನನ್ನನ್ನು ಹಿಡಿದು ನಿಲ್ಲಿಸಿದವು.

ಒಂದರಲ್ಲಿ ಭಾಷಣ ಪೂರ್ತಿ ಪ್ರಶ್ನೆಪತ್ರಿಕೆಯಾಗಿ ಬದಲಾಗಿತ್ತು. ಸುದರ್ಶನ ಚಕ್ರ ಮಿಷನ್ (ದೇಶಕ್ಕೆ ರಕ್ಷಣಾ ಕವಚ) – 2035. ಅಣುವಿದ್ಯುತ್ ಹತ್ತು ಪಟ್ಟು – 2047. ವಿಕಸಿತ ಭಾರತ ರೋಜಗಾರ್ ಯೋಜನೆ – 1 ಲಕ್ಷ ಕೋಟಿ. ಇಸವಿಗಳ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ 'ಬರಬಹುದು' ಅಂತ ಸಣ್ಣಕ್ಷರ. ಇದು ಪರೀಕ್ಷೆಗೆ ಓದುವವರೇ ತುಂಬಿರುವ ನಮ್ಮ ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೂತು ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ಬೆಳಿಗ್ಗೆ ಲೈಬ್ರರಿಯಲ್ಲಿ ಸೀಟು ಹಿಡಿದು, ಮಧ್ಯಾಹ್ನ ಮೆಸ್ಸಿನಲ್ಲಿ ರೊಟ್ಟಿ ತಿಂದು, ರಾತ್ರಿ ಕರೆಂಟ್ ಅಫೇರ್ಸ್ ಪಿಡಿಎಫ್ ನೋಡುವವರಿಗೆ ಪ್ರಧಾನಿಯ ಭಾಷಣ ಅಂದರೆ ಎರಡೋ ಮೂರೋ ಅಂಕ. ಇದರಲ್ಲಿ ತಪ್ಪಿಲ್ಲ. ಮನೆಯವರು ಹೊಲದ ದುಡ್ಡು ಕಳಿಸಿ ಓದಿಸುತ್ತಿರುವಾಗ ಆ ಎರಡು ಅಂಕಕ್ಕೂ ಬೆಲೆ ಇದೆ. ಆದರೂ ನನಗೆ ಸಂಕಟವಾಯಿತು. ಉದ್ಯೋಗದ ಯೋಜನೆಯನ್ನು ಉರು ಹೊಡೆಯುತ್ತಿರುವ ಹುಡುಗನಿಗೇ ಉದ್ಯೋಗ ಇಲ್ಲ. ಈ ಯೋಜನೆ ನನಗೆ ಸಿಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಆ ಪ್ರಶ್ನೆ ಬೇರೊಂದು ಹಾಳೆಯಲ್ಲಿತ್ತು. 'ಸರ, ಹದಿನೈದು ಸಾವಿರ ನಮ್ಮ ಖಾತೆಗೆ ಬರ್ತೈತಂತಲ್ರಿ, ಅರ್ಜಿ ಎಲ್ಲಿ ಹಾಕೂದು?' ಇಷ್ಟೇ. ಬಂದ ಹಾಳೆಗಳಲ್ಲೆಲ್ಲ ನನಗೆ ಇದೇ ಹೆಚ್ಚು ಇಷ್ಟವಾಯಿತು. ಯಾಕೆಂದರೆ ಇದನ್ನು ಹಿಡಿದು ಮುಂದೆ ಹೋಗಬಹುದು. ಹೋಗೋಣ.

ಕೆಂಪು ಕೋಟೆಯಿಂದ ಹೇಳಿದ್ದು: ಖಾಸಗಿ ವಲಯದಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಸೇರುವ ಯುವಕ ಯುವತಿಯರಿಗೆ 15,000 ರೂಪಾಯಿ. ಯೋಜನೆಯ ಕಾಗದ ತೆಗೆದು ಓದಿದರೆ ಗೊತ್ತಾಗುವುದು ಬಹಳ ಇದೆ. ಸಚಿವ ಸಂಪುಟ ಇದಕ್ಕೆ ಜುಲೈ 1ರಂದೇ ಒಪ್ಪಿಗೆ ಕೊಟ್ಟಿತ್ತು. ಮೊತ್ತ 99,446 ಕೋಟಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ನಡುವೆ ಹುಟ್ಟುವ ಕೆಲಸಗಳಿಗೆ ಇದು ಅನ್ವಯ. 15,000 ಅನ್ನೋದು ಗರಿಷ್ಠ ಮಿತಿ. ಕೊಡುವುದು ನಿಮ್ಮ ಒಂದು ತಿಂಗಳ ಪಿಎಫ್ ಸಂಬಳದಷ್ಟು, ಅಂದರೆ ಭವಿಷ್ಯ ನಿಧಿ ಕಟ್ಟಲು ಲೆಕ್ಕಕ್ಕೆ ಹಿಡಿಯುವ ಸಂಬಳದಷ್ಟು. ಆ ಸಂಬಳ 11,000 ಇದ್ದರೆ ಸಿಗುವುದು 11,000. ಅದೂ ಎರಡು ಕಂತು. ಆರು ತಿಂಗಳು ಕೆಲಸ ಮಾಡಿದ ಮೇಲೆ ಮೊದಲನೆಯದು. ಹನ್ನೆರಡು ತಿಂಗಳು ಮುಗಿಸಿ, ಹಣಕಾಸು ತಿಳಿವಳಿಕೆಯ ಒಂದು ತರಬೇತಿಯನ್ನೂ ಮುಗಿಸಿದ ಮೇಲೆ ಎರಡನೆಯದು.

ಅರ್ಜಿ ಎಲ್ಲಿ ಅಂದರೆ, ತಾಲ್ಲೂಕು ಕಚೇರಿಯಲ್ಲಲ್ಲ. ನೀವು ಸೇರುವ ಸಂಸ್ಥೆ ಭವಿಷ್ಯ ನಿಧಿ ಸಂಘಟನೆಯಲ್ಲಿ ನೋಂದಣಿಯಾಗಿರಬೇಕು. ಸರ್ಕಾರದ ಉಮಂಗ್ ಆ್ಯಪಿನಲ್ಲಿ ಮುಖ ತೋರಿಸಿ ಯುಎಎನ್ ಅನ್ನುವ ಪಿಎಫ್ ಸಂಖ್ಯೆ ಮಾಡಿಸಿಕೊಳ್ಳಬೇಕು. ಮಾಲೀಕರು ನಿಮ್ಮ ಪಿಎಫ್ ಕಟ್ಟಬೇಕು. ಹಿಂದೆ ಎಲ್ಲಾದರೂ ನಿಮ್ಮ ಹೆಸರಲ್ಲಿ ಪಿಎಫ್ ಕಟ್ಟಿದ್ದರೆ ನೀವು ಮೊದಲ ಬಾರಿಗೆ ಸೇರಿದವರು ಅಂತ ಲೆಕ್ಕಕ್ಕೆ ಬರುವುದಿಲ್ಲ.

ಈಗ ಇದನ್ನು ನಮ್ಮ ಊರಿಗೆ ತನ್ನಿ. ಪಿಎಫ್ ಕಾನೂನು ಸಾಮಾನ್ಯವಾಗಿ ಅನ್ವಯ ಆಗುವುದು 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಾಲ್ಕು ಜನರನ್ನು ಇಟ್ಟುಕೊಂಡಿರುವ ಬಟ್ಟೆ ಅಂಗಡಿಗೆ ಅದು ತಾನಾಗಿ ತಾಕುವುದಿಲ್ಲ. ಗದಗಿನ ಸಣ್ಣ ಮುದ್ರಣಾಲಯಕ್ಕೂ ಇಲ್ಲ. ಹಾಗಾದರೆ ನಮ್ಮ ಕಡೆ ಈ ಯೋಜನೆ ಯಾರಿಗೆ ಮುಟ್ಟುತ್ತದೆ? ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಎಷ್ಟು ಹೊಸ ಮಕ್ಕಳಿಗೆ ಪಿಎಫ್ ಶುರುವಾಗಿದೆ? ಗುತ್ತಿಗೆದಾರನ ಮೂಲಕ ಸೇರಿದವರ ಕಥೆ ಏನು? ಮತ್ತೆ, ಪಿಎಸ್ಐ, ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ನೌಕರಿಗೆ ಓದುತ್ತಿರುವವರಿಗೆ ಇದರಲ್ಲಿ ಏನೂ ಇಲ್ಲ. ಅವರ ಕಷ್ಟ ಬೇರೆ. ನೇಮಕಾತಿ ಮಾಡಿ ಅಂತ ಇದೇ ಧಾರವಾಡದ ಬೀದಿಯಲ್ಲಿ ಈ ವರ್ಷ ಸಾವಿರಾರು ಜನ ಕೂಗಿದ್ದನ್ನು ನೀವೆಲ್ಲ ಕಂಡಿದ್ದೀರಿ. ಅವರಲ್ಲಿ ಎಷ್ಟೋ ಮಂದಿ ಈಗ ನನ್ನ ಮುಂದೆಯೇ ಕೂತಿದ್ದೀರಿ. ಆ ಖಾಲಿ ಹುದ್ದೆಗಳಲ್ಲಿ ಜಾಸ್ತಿ ಪಾಲು ರಾಜ್ಯ ಸರ್ಕಾರದ್ದು. ಅದನ್ನು ದೆಹಲಿಗೆ ಕೇಳಿ ಪ್ರಯೋಜನ ಇಲ್ಲ, ಬೆಂಗಳೂರಿಗೆ ಕೇಳಬೇಕು. ಯಾವ ಮಾತನ್ನು ಯಾರ ಬಾಗಿಲಿಗೆ ಒಯ್ಯಬೇಕು ಅಂತ ತಿಳಿದವನ ಸಿಟ್ಟಿಗೆ ಬಲ ಇರುತ್ತದೆ.

ನೋಡಿ, ಒಂದು ಸಾಲಿನ ಹಾಳೆ ನಮ್ಮನ್ನು ಎಲ್ಲಿಯವರೆಗೆ ಕರೆದುಕೊಂಡು ಬಂತು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ.

ಈಗ ನಾನು ಇವತ್ತು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ನಮ್ಮ ದೇಶದಲ್ಲಿ ಪ್ರತಿ ವರ್ಷ ಎರಡು ದೊಡ್ಡ ನೀತಿ ಭಾಷಣ ಆಗುತ್ತವೆ. ಒಂದು, ವರ್ಷದ ಮೊದಲ ಅಧಿವೇಶನದ ಶುರುವಿನಲ್ಲಿ ಸಂಸತ್ತಿನ ಎರಡೂ ಸದನಗಳ ಮುಂದೆ ರಾಷ್ಟ್ರಪತಿ ಮಾಡುವ ಭಾಷಣ. ಅದು ಸಂವಿಧಾನದ 87ನೇ ವಿಧಿಯಲ್ಲಿದೆ. ಪ್ರತಿ ಅಧಿವೇಶನಕ್ಕೂ ಮಾಡಬೇಕು ಅಂತ ಮೊದಲಿಗಿತ್ತು, 1951ರ ಮೊದಲನೇ ತಿದ್ದುಪಡಿಯಲ್ಲಿ ವರ್ಷಕ್ಕೊಮ್ಮೆ ಅಂತಾಯಿತು. ಓದುವವರು ರಾಷ್ಟ್ರಪತಿ, ಬರೆದುಕೊಡುವುದು ಸರ್ಕಾರ. ಆದರೆ ಓದಿ ಮುಗಿಸಿದರೆ ಮುಗಿಯಲಿಲ್ಲ. ಭಾಷಣಕ್ಕೆ ಕೃತಜ್ಞತೆ ಹೇಳುವ ವಂದನಾ ನಿರ್ಣಯದ ಮೇಲೆ ದಿನಗಟ್ಟಲೆ ಚರ್ಚೆ ನಡೆಯುತ್ತದೆ. ವಿರೋಧ ಪಕ್ಷದವರು ತಿದ್ದುಪಡಿ ತರುತ್ತಾರೆ. 2015ರಲ್ಲಿ ರಾಜ್ಯಸಭೆಯಲ್ಲಿ ಕಪ್ಪುಹಣದ ಬಗ್ಗೆ ತಂದ ತಿದ್ದುಪಡಿ ಗೆದ್ದೂ ಬಿಟ್ಟಿತು. ಕೊನೆಗೆ ಪ್ರಧಾನಿ ಎದ್ದು ಉತ್ತರ ಕೊಡಬೇಕು.

ಇನ್ನೊಂದು ಕೆಂಪು ಕೋಟೆಯ ಭಾಷಣ. ಇದು ಸಂವಿಧಾನದಲ್ಲಿ ಇಲ್ಲ. ನೆಹರೂ 1947ರ ಆಗಸ್ಟ್ 16ರಂದು ಅಲ್ಲಿ ಧ್ವಜ ಏರಿಸಿದಾಗಿನಿಂದ ಬಂದ ಪದ್ಧತಿ. ಹೌದು, 16. ಪರೀಕ್ಷೆಗೆ ಓದುವವರು ಬರೆದುಕೊಳ್ಳಿ. ಹಿಂದಿ ಬಾರದ ನಮ್ಮ ದೇವೇಗೌಡರು 1996ರಲ್ಲಿ ಅಲ್ಲಿ ನಿಂತು ಹಿಂದಿಯಲ್ಲೇ ಭಾಷಣ ಮಾಡಿದರು. ರಾಷ್ಟ್ರಪತಿ ಭಾಷಣವನ್ನು ಕೇಳುವವರಿಗಿಂತ ಇದನ್ನು ಕೇಳುವ ಜನ ಎಷ್ಟೋ ಪಟ್ಟು ಹೆಚ್ಚು. ಆದರೆ ಇದಕ್ಕೆ ಮರುಮಾತು ಆಡಲಿಕ್ಕೆ ಅಂತ ಒಂದು ಸದನ ಇಲ್ಲ. ವಂದನಾ ನಿರ್ಣಯ ಇಲ್ಲ. ತಿದ್ದುಪಡಿ ಇಲ್ಲ.

ಇನ್ನೂ ಒಂದು ವಿಷಯ ಇದೆ. ನಮ್ಮ ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಅದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. ಹದಿನೈದು ಸದಸ್ಯರು. ಸದನದಲ್ಲಿ ಮಂತ್ರಿಯೊಬ್ಬರು 'ಪರಿಶೀಲಿಸುತ್ತೇವೆ' ಅಂದರೂ ಸಾಕು, ಅದನ್ನು ಬರೆದುಕೊಂಡು ಬೆನ್ನು ಹತ್ತುವುದು ಇವರ ಕೆಲಸ. ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಆಗದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಆದರೆ ಇದು ಸದನದ ಒಳಗೆ ಆಡಿದ ಮಾತಿಗೆ ಮಾತ್ರ. ಕೋಟೆಯ ಮೇಲೆ ಕೊಟ್ಟ ಮಾತು ಆ ಸಮಿತಿಯ ಕಡತಕ್ಕೆ ತಾನಾಗಿ ಹೋಗುವುದಿಲ್ಲ. ಇಡೀ ದೇಶದ ಎದುರು ಕೊಟ್ಟ ಮಾತನ್ನು ಬರೆದಿಟ್ಟುಕೊಳ್ಳುವ ಸಮಿತಿ ಇಲ್ಲ. ಆ ಸಮಿತಿ ನೀವೇ ಆಗಬೇಕು ಅಂತ ಕೇಳಲಿಕ್ಕೇ ನಾನು ಬಂದಿದ್ದೇನೆ.

ಬರೆದಿಟ್ಟುಕೊಂಡರೆ ಏನು ಸಿಗುತ್ತದೆ ಅಂತ ಕೇಳಬಹುದು. ಹಳೆಯ ಒಂದು ಮಾತನ್ನು ತೆಗೆದುಕೊಳ್ಳಿ. 2014ರ ಆಗಸ್ಟ್ 15ರಂದು ಪ್ರಧಾನಿ ಶಾಲಾ ಶೌಚಾಲಯದ ಬಗ್ಗೆ ಮಾತಾಡಿದರು. ಕೋಟೆಯ ಮೇಲಿಂದ ಆ ವಿಷಯ ಎತ್ತಿದ್ದು ದೊಡ್ಡ ಕೆಲಸ. ನಾನು ಆಗಲೂ ಮೆಚ್ಚಿದ್ದೆ, ಈಗಲೂ ಮೆಚ್ಚುತ್ತೇನೆ. ಒಂದು ವರ್ಷದೊಳಗೆ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇಲ್ಲದ ಶಾಲೆ ಇರಬಾರದು ಅಂದರು. ವರ್ಷ ತುಂಬಿದಾಗ 2.61 ಲಕ್ಷ ಶಾಲೆಗಳಲ್ಲಿ 4.17 ಲಕ್ಷ ಶೌಚಾಲಯ ಕಟ್ಟಿದ್ದೇವೆ ಅಂತ ಸರ್ಕಾರ ಹೇಳಿತು. 2020ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿ ಬಂತು. ಕೇಂದ್ರದ ಸಾರ್ವಜನಿಕ ಉದ್ಯಮಗಳು ಕಟ್ಟಿಸಿದ ಶೌಚಾಲಯಗಳನ್ನು ಅವರು ಮಾದರಿಗಾಗಿ ಹೋಗಿ ನೋಡಿದ್ದರು. ಕಟ್ಟಿದ್ದರಲ್ಲಿ 72 ಶೇಕಡಾ ಕಡೆ ಒಳಗೆ ನಲ್ಲಿ ನೀರೇ ಇರಲಿಲ್ಲ. ಗೋಡೆ ಎದ್ದಿತ್ತು, ಬಾಗಿಲಿತ್ತು, ನೀರಿಲ್ಲ. ಹೆಣ್ಣುಮಕ್ಕಳು ಇಲ್ಲಿ ಬಹಳ ಜನ ಇದ್ದೀರಿ. ನೀರಿಲ್ಲದ ಶೌಚಾಲಯದ ಶಾಲೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂರುವುದು ಅಂದರೇನು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಹಾಗಂತ ಎಲ್ಲ ಮಾತೂ ಹೀಗೇ ಆಯಿತು ಅಂತ ತಿಳಿಯಬೇಡಿ. ಅದೇ ಭಾಷಣದಲ್ಲಿ ಹೇಳಿದ ಜನಧನ ಯೋಜನೆ ಎರಡೇ ವಾರದಲ್ಲಿ, ಆಗಸ್ಟ್ 28ಕ್ಕೆ, ಶುರುವಾಯಿತು. ನಿಮ್ಮ ತಾಯಂದಿರ ಖಾತೆಗಳನ್ನು ಕೇಳಿ ನೋಡಿ. ಈ ವರ್ಷ ದೀಪಾವಳಿಗೆ ಜಿಎಸ್‌ಟಿ ಸುಧಾರಣೆ ಅಂದರು. ದೀಪಾವಳಿಗೆ ಮೊದಲೇ, ಸೆಪ್ಟೆಂಬರ್ 22ರಿಂದ ಜಾರಿಗೆ ಬಂತು. ನೋಟ್‌ಬುಕ್ಕು, ಪೆನ್ಸಿಲ್ಲಿನ ಮೇಲಿದ್ದ 12 ಶೇಕಡಾ ತೆರಿಗೆ ಸೊನ್ನೆಯಾಯಿತು. ಅದೇ ಹೊತ್ತಿಗೆ ಬೇರೆ ಬಹುತೇಕ ಕಾಗದದ ಮೇಲಿನ ತೆರಿಗೆ 12ರಿಂದ 18ಕ್ಕೆ ಏರಿತು. ನೀವು ಕೊಳ್ಳುವ ದಪ್ಪ ದಪ್ಪ ಗೈಡುಗಳು ಅಚ್ಚಾಗುವುದು ಆ ಕಾಗದದ ಮೇಲೆ. ಜುಲೈನಲ್ಲಿ ಕೊಂಡ ಪುಸ್ತಕದ ಬೆಲೆ ಮತ್ತು ಜನವರಿಯಲ್ಲಿ ಕೊಳ್ಳುವ ಅದೇ ಪುಸ್ತಕದ ಬೆಲೆ ಪಕ್ಕಪಕ್ಕದಲ್ಲಿ ಬರೆದಿಡಿ. ಯಾರ ಮಾತೂ ಬೇಡ, ಆ ಎರಡು ಅಂಕಿಯೇ ಹೇಳುತ್ತವೆ.

ರೋಣ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಇದನ್ನು ಯಾರೂ ಹೇಳಿಕೊಡದೆಯೇ ಮಾಡಿದ್ದಳು. ಹೆಸರು ಬರೆದಿರಲಿಲ್ಲ, ಊರು ಬರೆದಿದ್ದಳು. ಈ ವರ್ಷದ ಭಾಷಣದ ಬಗ್ಗೆ ಬರೆಯಿರಿ ಅಂದರೆ ಅವಳು 2019ರ ಭಾಷಣದ ಬಗ್ಗೆ ಬರೆದಳು. ಆಗ ಅವಳು ಶಾಲೆಯಲ್ಲಿದ್ದಳು. ಮನೆಮನೆಗೆ ನಲ್ಲಿ ನೀರು, ಜಲಜೀವನ ಮಿಷನ್, ಮೂರೂವರೆ ಲಕ್ಷ ಕೋಟಿಗೂ ಹೆಚ್ಚು ಅಂತ ಕೇಳಿದ್ದು ನೆನಪಿದೆಯಂತೆ. 'ನಮ್ಮ ಮನಿ ಮುಂದ ನಳ ಬಂದೈತಿ. ಬ್ಯಾಸಗಿಯೊಳಗ ಅದರಾಗ ನೀರ ಬರಂಗಿಲ್ಲ. ಅವ್ವ ಈಗೂ ಕೊಡಾ ಹೊರ್ತಾಳ. ಆದ್ರ ನಳ ಬಂದಿದ್ದು ಸುಳ್ಳಲ್ಲ.' ಕೊನೆಯ ಸಾಲು ನೋಡಿ. ಬಂದಿದ್ದನ್ನು ಬಂದಿದೆ ಅಂದಳು, ಬಾರದ್ದನ್ನು ಬಂದಿಲ್ಲ ಅಂದಳು. ದೇಶದ ಲೆಕ್ಕವೂ ಹೀಗೇ ಇದೆ. 2019ರಲ್ಲಿ ಹಳ್ಳಿಗಳಲ್ಲಿ 3.23 ಕೋಟಿ ಮನೆಗೆ ನಲ್ಲಿ ಇತ್ತು, ಈಗ 15 ಕೋಟಿ ದಾಟಿದೆ. ಎಲ್ಲ ಮನೆಗೂ 2024ಕ್ಕೆ ಅಂತ ಇದ್ದದ್ದು ಈ ವರ್ಷದ ಬಜೆಟ್ಟಿನಲ್ಲಿ 2028ಕ್ಕೆ ಹೋಯಿತು. ನಲ್ಲಿಯ ಲೆಕ್ಕ ಸಿಗುತ್ತದೆ, ಬೇಸಿಗೆಯ ನೀರಿನ ಲೆಕ್ಕ ಕೊಡಬೇಕಾದವರು ಅವಳಂಥವರು.

ಭಾಷಣದಲ್ಲಿ ಬಾರದ ಮಾತನ್ನೂ ಗಮನಿಸಿ ಅಂತ ಒಂದು ಮಾತು ಸೇರಿಸುತ್ತೇನೆ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನ್ಯತೆಯ ಖಾದಿ ರಾಷ್ಟ್ರಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ಗರಗದಲ್ಲೂ ಧ್ವಜದ ಬಟ್ಟೆ ನೇಯುತ್ತಾರೆ. ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಆಯಿತು. ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಬೆಂಗೇರಿಯವರು ಬೀದಿಗಿಳಿದು ವಿರೋಧಿಸಿದರು. ಸ್ವದೇಶಿಯ ಮಾತು ಕೋಟೆಯಿಂದ ಕೇಳಿದಾಗಲೆಲ್ಲ ನನಗೆ ಆ ನೂಲುವವರು, ಹೊಲಿಯುವವರು ನೆನಪಾಗುತ್ತಾರೆ. ಹುಬ್ಬಳ್ಳಿಯ ವಿದ್ಯಾರ್ಥಿ ಈ ಭಾಷಣ ಕೇಳಿ ಬೆಂಗೇರಿಯನ್ನು ನೆನೆಯದಿದ್ದರೆ ಬೇರೆ ಯಾರು ನೆನೆಯುತ್ತಾರೆ?

ಇನ್ನು ಕೆಲಸದ ಮಾತು. ಭಾಷಣದ ಪೂರ್ತಿ ಪಠ್ಯ ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿಯ (ಪಿಐಬಿ) ಜಾಲತಾಣದಲ್ಲಿ ಸಿಗುತ್ತದೆ, ಕನ್ನಡದಲ್ಲೂ ಹುಡುಕಿ. ಮೊಬೈಲಿನಲ್ಲಿ ಬಂದ ಅರ್ಧ ನಿಮಿಷದ ತುಣುಕು ನೋಡಿ ಮಾತಾಡಬೇಡಿ. ರೂಮಿನಲ್ಲಿ ನಾಲ್ಕು ಜನ ಇದ್ದರೆ ನಾಲ್ಕು ಭರವಸೆ ಹಂಚಿಕೊಳ್ಳಿ. ಒಂದು ವಹಿ ಸಾಕು. ಮಾತು ಏನು, ಕೊಟ್ಟ ಗಡುವು ಯಾವುದು, ಯಾವ ಇಲಾಖೆ, ನಮ್ಮ ಊರಿನಲ್ಲಿ ಅದು ಎಲ್ಲಿ ಕಾಣಬೇಕು. ತಿಳಿಯದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ರಾಜ್ಯದ ಕಚೇರಿಗೆ ಹಾಕುವುದಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇಷ್ಟು ಚಿಕ್ಕದಾಗಿ, ಇಷ್ಟು ಖಚಿತವಾಗಿ ಬರೆಯುವುದೂ ಒಂದು ಓದೇ. ಇನ್ನೊಂದು, ಆಗಸ್ಟ್ ಹತ್ತಿರ ಬಂದಾಗ ಭಾಷಣಕ್ಕೆ ಸಲಹೆ ಕಳಿಸಿ ಅಂತ ಪ್ರಧಾನಿಯೇ ಜನರನ್ನು ಕೇಳುತ್ತಾರೆ. ಧಾರವಾಡದಿಂದ ಹೋಗುವ ಸಲಹೆಯಲ್ಲಿ ನಿಮ್ಮ ವಹಿಯ ಅಂಕಿಗಳಿರಲಿ.

ಮೊದಲಿಗೆ ಹಿಡಿಯಬೇಕಾದ ದಿನ ಹತ್ತಿರವೇ ಇದೆ. ಆಗಸ್ಟಿನಲ್ಲಿ ಮೊದಲ ನೌಕರಿಗೆ ಸೇರಿದವರಿಗೆ ಫೆಬ್ರವರಿ ಹೊತ್ತಿಗೆ ಆರು ತಿಂಗಳು ತುಂಬುತ್ತದೆ. ಆ ಕಂತು ಬರಬೇಕು. ರಾಷ್ಟ್ರಪತಿ ಭಾಷಣವೂ ಹೆಚ್ಚುಕಡಿಮೆ ಅದೇ ಸುಮಾರಿಗೆ ಬರುತ್ತದೆ, ಅದರಲ್ಲಿ ಉದ್ಯೋಗದ ಬಗ್ಗೆ ಏನು ಹೇಳುತ್ತಾರೆ ಕೇಳಿ. ನಿಮ್ಮ ಅಣ್ಣನೋ ಅಕ್ಕನೋ ಗೆಳೆಯನೋ ಆ ತಿಂಗಳು ಸೇರಿದ್ದರೆ ಅವರ ಪಿಎಫ್ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳು ಕಟ್ಟಿದ್ದಾರಾ ಅಂತ ಈಗಲೇ ನೋಡಲು ಹೇಳಿ. ದುಡ್ಡು ಬಂದರೆ ಬಂತು ಅಂತ ನನಗೆ ತಿಳಿಸಿ. ಬಾರದಿದ್ದರೆ ಪಾಸ್‌ಬುಕ್ಕಿನ ಪ್ರತಿ ತನ್ನಿ, ಇದೇ ಸಭಾಂಗಣದಲ್ಲಿ ಕೂತು ಅರ್ಜಿ ಬರೆಯೋಣ.