ಹೆದರಿಕೆಯ ಎದುರು ಹತ್ತು ಉಸಿರು

ಕೇಳುಗರೆಲ್ಲರಿಗೂ ನಮಸ್ಕಾರ.

ಧೈರ್ಯದ ಬಗ್ಗೆ ಮಾತಾಡುವ ಮೊದಲು ಹೆದರಿಕೆಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಧ್ಯಾನಕ್ಕೆ ಕೂತರೆ ಹೆದರಿಕೆಯೇ ಹೋಗುತ್ತದೆ ಅಂತ ಎಷ್ಟೋ ಜನ ನಂಬಿಕೊಂಡು ಬರುತ್ತಾರೆ, ನಾಲ್ಕು ದಿನ ಕೂತು ನೋಡಿ, ಎದೆ ಹಾಗೇ ಡವಡವ ಅನ್ನುತ್ತಿದೆಯಲ್ಲ ಅಂತ ಬೇಜಾರಾಗಿ ಬಿಟ್ಟುಬಿಡುತ್ತಾರೆ.

ಎಲ್ಲ ಹೆದರಿಕೆಯೂ ಹೋಗಬೇಕಾಗಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆಯ ಕಾಫಿ ತೋಟಗಳಿಗೆ ಕೆಲಸಕ್ಕೆ ಹೋಗುವವರನ್ನು ಕೇಳಿ. ಬೆಳಿಗ್ಗೆ ಮನೆ ಬಿಡುವ ಮೊದಲು ಆನೆ ಯಾವ ಕಡೆ ಇದೆ ಅಂತ ಮೊಬೈಲ್ ನೋಡುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ, ಹತ್ತಿರದಲ್ಲೇ ಇದೆ ಅಂತ ಗೊತ್ತಾದರೆ ದಾರಿ ಬದಲಿಸುತ್ತಾರೆ. ಆ ಹೆದರಿಕೆ ಇರಲೇಬೇಕು. ಅದು ಜೀವ ಕಾಯುತ್ತದೆ. ಅದನ್ನು ಕಳೆದುಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಾನು ಹೇಳುತ್ತಿರುವುದು ಮನುಷ್ಯರ ಬಾಯಿಗೆ ಹೆದರುವುದರ ಬಗ್ಗೆ. ಸಂಘದ ಸಾಲದ ಕಂತು ಒಂದು ವಾರ ತಪ್ಪಿರುತ್ತದೆ. ವಸೂಲಿಗೆ ಬಂದವನು ಇಡೀ ಬೀದಿಗೆ ಕೇಳುವ ಹಾಗೆ ಕೂಗಾಡುತ್ತಾನೆ. ಒಳಗೆ ತಾಯಿ ಬಾಗಿಲು ಹಾಕಿಕೊಂಡು, ಮಕ್ಕಳಿಗೆ ಸುಮ್ಮನಿರಿ ಅಂತ ಸನ್ನೆ ಮಾಡಿ, ಅಡುಗೆಮನೆಯ ಮೂಲೆಯಲ್ಲಿ ಕೂತಿರುತ್ತಾಳೆ. ಶುಂಠಿಯ ರೇಟು ಬಿದ್ದು ಕೈ ಸುಟ್ಟುಕೊಂಡ ರೈತ ನೆಂಟರ ಮದುವೆಗೆ ಹೋಗುವುದನ್ನೇ ನಿಲ್ಲಿಸಿರುತ್ತಾನೆ. ಪಿಯುಸಿ ಫೇಲಾದ ಹುಡುಗ ಹಗಲು ಹೊತ್ತು ಹೊರಗೆ ಕಾಣಿಸುವುದಿಲ್ಲ. ಇವರು ಯಾರೂ ಹೇಡಿಗಳಲ್ಲ. ಇವರ ಬೆಲೆ ಎಷ್ಟು ಅಂತ ತೀರ್ಮಾನ ಮಾಡುವ ಅಧಿಕಾರ ಬೇರೆಯವರ ಕೈಗೆ ಹೋಗಿಬಿಟ್ಟಿದೆ, ಅಷ್ಟೇ. ಅದನ್ನು ವಾಪಸ್ ತೆಗೆದುಕೊಳ್ಳುವುದಕ್ಕೆ ಧ್ಯಾನ ಸಹಾಯ ಮಾಡುತ್ತದೆ ಅಂತ ನನ್ನ ಗಟ್ಟಿ ನಂಬಿಕೆ.

ಶ್ರವಣಬೆಳಗೊಳದ ಬೆಟ್ಟ ನಮ್ಮಲ್ಲಿ ಬಹುತೇಕ ಎಲ್ಲರೂ ಹತ್ತಿದ್ದೇವೆ, ಅಲ್ವಾ? ಬರಿಗಾಲಲ್ಲಿ, ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಮೇಲೆ 57 ಅಡಿಯ ಗೊಮ್ಮಟ, ಅಂದರೆ ಬಾಹುಬಲಿ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ್ದು. ನಾವು ಎತ್ತರ ನೋಡಿ, ಕೈ ಮುಗಿದು, ಫೋಟೋ ತೆಗೆದುಕೊಂಡು ಇಳಿದು ಬರುತ್ತೇವೆ. ಮುಂದಿನ ಸಲ ಹೋದಾಗ ಸ್ವಲ್ಪ ನಿಂತು ಆ ಕೈಗಳನ್ನು ನೋಡಿ. ಎರಡೂ ಕೈ ಸುಮ್ನೆ ಕೆಳಗೆ ಇಳಿಬಿಟ್ಟಿವೆ. ಮುಷ್ಟಿ ಇಲ್ಲ, ಆಯುಧ ಇಲ್ಲ. ಕಾಲಿಗೂ ತೋಳಿಗೂ ಬಳ್ಳಿ ಹಬ್ಬಿದೆ, ಪಕ್ಕದಲ್ಲಿ ಹುತ್ತ, ಹುತ್ತದಲ್ಲಿ ಹಾವು. ಅಷ್ಟೆಲ್ಲ ಆದರೂ ಮುಖದಲ್ಲಿ ಗಾಬರಿ ಇಲ್ಲ.

ಕಥೆ ನಿಮಗೆ ಗೊತ್ತು. ಅಣ್ಣ ಭರತ ಲೋಕವನ್ನೆಲ್ಲ ಗೆದ್ದು ಬಂದು ತಮ್ಮನೂ ತನಗೆ ತಲೆಬಾಗಬೇಕು ಅಂದ. ಬಾಹುಬಲಿ ಒಪ್ಪಲಿಲ್ಲ. ಅಣ್ಣನಿಗೆ ಗೌರವ ಕೊಡುತ್ತೇನೆ, ಚಕ್ರವರ್ತಿ ಅಂತ ಹೆದರಿಸಿದರೆ ಬಗ್ಗುವುದಿಲ್ಲ ಅನ್ನುವುದು ಅವನ ನಿಲುವು. ಸ್ವಾಭಿಮಾನ ಅಂದರೆ ಮೊದಲು ಇಷ್ಟು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನೇ ಗೆದ್ದ. ಆದರೆ ಗೆದ್ದ ಕ್ಷಣದಲ್ಲೇ, ಅಣ್ಣನನ್ನು ಎತ್ತಿ ನೆಲಕ್ಕೆ ಅಪ್ಪಳಿಸಬಹುದಾದ ಹೊತ್ತಲ್ಲೇ, ಅವನ ಕೈ ತಡೆಯಿತು. ರಾಜ್ಯವನ್ನೂ ಬಿಟ್ಟು ತಪಸ್ಸಿಗೆ ನಿಂತ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಆಮೇಲಿನ ಭಾಗ. ಒಂದು ವರ್ಷ ಅಲ್ಲಾಡದೆ ನಿಂತರೂ ಅವನಿಗೆ ಜ್ಞಾನ ಆಗಲಿಲ್ಲವಂತೆ. ನಾನು ನಿಂತಿರುವುದು ಅಣ್ಣನ ನೆಲದ ಮೇಲೆ ಅನ್ನುವ ಮುಳ್ಳೊಂದು ಒಳಗೆ ಉಳಿದಿತ್ತಂತೆ. ಭರತ ತಾನಾಗಿ ಬಂದು ನಮಸ್ಕಾರ ಮಾಡಿದ ಮೇಲೆ ಅದು ಕಳಚಿತು ಅಂತ ಒಂದು ಕಥೆ. ಸೋದರಿಯರಾದ ಬ್ರಾಹ್ಮಿ, ಸುಂದರಿ ಬಂದು ಎಚ್ಚರಿಸಿದರು ಅಂತ ಇನ್ನೊಂದು. ಎರಡರಲ್ಲೂ ಒಳಗಿನ ಮುಳ್ಳು ತೆಗೆಯುವುದಕ್ಕೆ ಇನ್ನೊಬ್ಬರು ಬರಬೇಕಾಯಿತು. ಬಾಹುಬಲಿಗೇ ಹೀಗಾದರೆ, ನಾವು ಬೆಳಿಗ್ಗೆ ಕಾಲು ಗಂಟೆ ಕೂತು ಹಳೆಯ ಅವಮಾನ ಇನ್ನೂ ಕಾಡುತ್ತಿದೆಯಲ್ಲ ಅಂತ ನಮ್ಮನ್ನೇ ಬೈದುಕೊಳ್ಳುವುದು ಎಷ್ಟು ಸರಿ? ಕೆಲವು ನೋವು ಒಂಟಿಯಾಗಿ ಕೂತರೆ ಹೋಗುವುದಿಲ್ಲ. ತಮ್ಮನ ಹತ್ತಿರ ಮಾತಾಡಬೇಕು, ಅತ್ತಿಗೆಯ ಹತ್ತಿರ ಮಾತಾಡಬೇಕು. ಆ ಮಾತಿಗೆ ಕೂರುವಷ್ಟು ಗಟ್ಟಿತನವನ್ನು ಧ್ಯಾನ ಕೊಟ್ಟರೆ ಅದೇ ದೊಡ್ಡದು.

ಈಗ ಕೂರುವ ಬಗೆ ಹೇಳುತ್ತೇನೆ. ಜೈನರ ಸಾಮಾಯಿಕ ಅನ್ನುವ ಧ್ಯಾನಕ್ಕೆ 48 ನಿಮಿಷ, ಅಂದರೆ ಹಳೆಯ ಲೆಕ್ಕದಲ್ಲಿ ಎರಡು ಗಳಿಗೆ. ಹೊಸಬರಿಗೆ ಹತ್ತು ನಿಮಿಷ ಸಾಕು. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ಕೂರಿ, ನೆಲವೇ ಬೇಕು ಅಂತ ಏನೂ ಇಲ್ಲ. ಬೆನ್ನು ನೇರ ಇರಲಿ, ಭುಜ ಸಡಿಲ ಇರಲಿ. ಮೂಗಿನಲ್ಲಿ ಉಸಿರು ತೆಗೆದುಕೊಳ್ಳಿ, ಬಿಡುವಾಗ ಸ್ವಲ್ಪ ನಿಧಾನವಾಗಿ, ಉದ್ದವಾಗಿ ಬಿಡಿ. ಉಸಿರು ಒಳಗೆ ಹೋಗುವಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಹೊರಗೆ ಬರುವಾಗ ನಿಧಾನ ಆಗುತ್ತದೆ. ಮೆದುಳಿನ ಬುಡದಿಂದ ಎದೆಗೆ, ಹೊಟ್ಟೆಗೆ ಇಳಿಯುವ ವೇಗಸ್ ಅನ್ನುವ ನರ ಇದರಲ್ಲಿ ಕೆಲಸ ಮಾಡುತ್ತದೆ. ಗಾಬರಿಯಾದವರಿಗೆ ಹಿರಿಯರು ‘ಸುಧಾರಿಸ್ಕೋ’ ಅಂತ ಹೇಳಿ, ಕೂರಿಸಿ, ನೀರು ಕೊಡುತ್ತಿದ್ದರಲ್ಲ, ಆಗಲೂ ಮೊದಲು ನಿಧಾನಕ್ಕೆ ಬರುತ್ತಿದ್ದದ್ದು ಉಸಿರೇ.

ಒಂದರಿಂದ ಹತ್ತರವರೆಗೆ ಉಸಿರು ಎಣಿಸಿ. ಮನಸ್ಸು ಹಾಲಿನ ಲೆಕ್ಕಕ್ಕೋ ಮಗಳ ಫೀಸಿಗೋ ಓಡುತ್ತದೆ. ಓಡಲಿ. ಮತ್ತೆ ಒಂದರಿಂದ ಶುರು ಮಾಡಿ. ಬೈದುಕೊಳ್ಳದೆ ಶುರು ಮಾಡುವುದೇ ಇಲ್ಲಿ ಅಭ್ಯಾಸ, ಯಾಕೆಂದರೆ ನಮ್ಮನ್ನು ನಾವೇ ದಿನವಿಡೀ ಬೈದುಕೊಳ್ಳುತ್ತಿದ್ದರೆ ಹೊರಗಿನವನ ಬೈಗುಳವೂ ನಿಜ ಅನಿಸತೊಡಗುತ್ತದೆ.

ಇದು ಕೆಲವು ವಾರ ರೂಢಿಯಾದ ಮೇಲೆ ಒಂದು ಸಣ್ಣ ಹೆದರಿಕೆಯನ್ನು ಎದುರಿಗೆ ತಂದುಕೊಳ್ಳಿ. ದೊಡ್ಡದು ಬೇಡ. ಮೀಟಿಂಗಿನಲ್ಲಿ ಮಾತಾಡುವ ಹೆದರಿಕೆ, ಕೂಲಿ ಬಾಕಿ ಕೇಳುವ ಹೆದರಿಕೆ, ಇಂಥದ್ದು. ಅದು ಮೈಯಲ್ಲಿ ಎಲ್ಲಿದೆ ನೋಡಿ. ಗಂಟಲಲ್ಲಾ? ಹೊಟ್ಟೆಯಲ್ಲಾ? ಓಡಿಸಬೇಡಿ. ಹತ್ತು ಉಸಿರು ಅದರ ಜೊತೆಗೇ ಇರಿ. ಆಮೇಲೆ ಕಣ್ಣು ಬಿಟ್ಟು, ನಾಳೆ ಹೇಳಬೇಕಾದ ಒಂದೇ ಒಂದು ವಾಕ್ಯವನ್ನು ಕಾಗದದ ಮೇಲೆ ಬರೆಯಿರಿ. ಈ ಕೊನೆಯ ಕೆಲಸವನ್ನು ಬಿಡಲೇಬೇಡಿ. ಕೂತು ಎದ್ದವರು ಏನೂ ಮಾತಾಡದೆ ಎಲ್ಲವನ್ನೂ ನುಂಗಿಕೊಂಡು ‘ನನಗೀಗ ತುಂಬಾ ಶಾಂತಿ’ ಅಂದರೆ ನನಗೆ ಕಳವಳ ಆಗುತ್ತದೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಅಧ್ಯಾತ್ಮದ ಹೆಸರಲ್ಲಿ ಸಹಿಸಿಕೋ ಸಹಿಸಿಕೋ ಅಂತ ಹೇಳುವುದು ನಮ್ಮಲ್ಲಿ ಜಾಸ್ತಿ. ಹೊಡೆಯುವ ಗಂಡನನ್ನು ಸಹಿಸಿಕೊಳ್ಳುವುದಕ್ಕೆ ಧ್ಯಾನ ಬೇಡ. ಅಲ್ಲಿಂದ ಎದ್ದು ಬರುವುದಕ್ಕೆ ಬೇಕಾಗುತ್ತದೆ.

ಬಾಗಿಲು ಹಾಕಿಕೊಂಡು ಕೂತ ಆ ತಾಯಿಯ ವಾಕ್ಯ ಏನಿರಬಹುದು? ‘ದುಡ್ಡು ಕೊಡಬೇಕು, ನಿಜ, ಇಂಥ ದಿನ ಕೊಡುತ್ತೇನೆ, ಮನೆ ಮುಂದೆ ಕೂಗಾಡಬೇಡಿ.’ ಇಷ್ಟೇ. ಸಾಲ ಒಂದು ಲೆಕ್ಕ, ತೀರಿಸುವವರೆಗೆ ಇರುತ್ತದೆ. ಅದಕ್ಕಾಗಿ ಮಾನವನ್ನು ಅಡ ಇಟ್ಟಿಲ್ಲ. ಕಾನೂನೂ ಅವಳ ಪರ ಇದೆ. ಕಿರುಸಾಲ ವಸೂಲಿಯಲ್ಲಿ ಹಿಂಸೆ ಕೊಡುವುದನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಂತ ಇದೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಕಾಲು ನಡುಗುತ್ತದೆ, ಗೊತ್ತು. ನಡುಗುವ ಕಾಲಲ್ಲೇ ಹತ್ತಬಹುದು. ಜೊತೆಗೆ ಪಕ್ಕದ ಮನೆಯ ಅಕ್ಕನನ್ನೂ ಕರೆದುಕೊಂಡು ಹೋಗಬಹುದು.

ಪೂಜೆ ಮಾಡುವವರು ಪೂಜೆ ಮಾಡಿ. ಶೃಂಗೇರಿಯಲ್ಲಿ ತುಂಗೆಯ ದಡದಲ್ಲಿ ಕೂತಾಗ ಸಮಾಧಾನ ಸಿಗುವವರಿದ್ದಾರೆ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಗಂಟೆಗಟ್ಟಲೆ ಸಾಲಲ್ಲಿ ನಿಂತು, ದರ್ಶನವಾದ ಕೂಡಲೇ ಅತ್ತು ಹಗುರಾಗುವವರಿದ್ದಾರೆ. ದೇವರನ್ನು ನಂಬದವರೂ ಉಸಿರಾಡುತ್ತಾರೆ, ಅವರೂ ಕೂರಬಹುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ, ದೂರದ ಆಶ್ರಮಕ್ಕೆ ಹೋಗಬೇಕಿಲ್ಲ.

ಇನ್ನೊಂದು ಮಾತು ಇದೆ, ದಯವಿಟ್ಟು ಗಮನ ಕೊಟ್ಟು ಕೇಳಿ. ಕಣ್ಣು ಮುಚ್ಚಿದರೆ ಕೆಲವರಿಗೆ ಹಳೆಯದೆಲ್ಲ ನುಗ್ಗಿ ಬಂದು ಸಂಕಟ ಜಾಸ್ತಿ ಆಗುತ್ತದೆ. ಹಾಗಾದರೆ ಕಣ್ಣು ತೆರೆದುಬಿಡಿ, ಎದ್ದು ಓಡಾಡಿ, ಬಲವಂತ ಮಾಡಬೇಡಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನಿಸುತ್ತಿದೆ ಅನ್ನುವವರು ಧ್ಯಾನವನ್ನೇ ನೆಚ್ಚಿಕೊಂಡು ಕಾಯಬಾರದು, ಡಾಕ್ಟರ ಹತ್ತಿರ ಹೋಗಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವವರು ನಮ್ಮಂಥವರ ಮಾತು ಕೇಳಿ ನಿಲ್ಲಿಸಬಾರದು. ಮನೆಯಲ್ಲಿ ಯಾರಿಗೂ ಹೇಳಲು ಆಗುತ್ತಿಲ್ಲ ಅನ್ನುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ 14416. ಪೆನ್ನು ಹುಡುಕುತ್ತಿರುವವರಿಗೆ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.