ಬಿಲ್ ಬರೆದರೆ ಕಲೆ ಸಾಯುವುದಿಲ್ಲ ಕಣ್ರೀ

ನಮಸ್ಕಾರ. ಇವತ್ತು ನೀಲಿ ಬಣ್ಣದ ಬಗ್ಗೆ ಮಾತಾಡಬೇಕು ಅಂತ ಬರೆದುಕೊಂಡು ಬಂದಿದ್ದೆ. ಅದು ಅಲ್ಲೇ ಇರಲಿ. ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು, "ಅಡ್ವಾನ್ಸ್ ಕೇಳುವವನು ಕಲಾವಿದನಲ್ಲ, ವ್ಯಾಪಾರಿ" ಅಂತ ಬರೆದಿದ್ದಾರೆ. ಅದಕ್ಕೆ ಲೈಕುಗಳು ಬೇರೆ!

ನಾನು ಹೇಳಿದ್ದು ಇಷ್ಟೇ. ಬ್ರಷ್ ಮುಟ್ಟುವ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. ಎಷ್ಟು ದುಡ್ಡು, ಯಾವಾಗ ಕೊಡುತ್ತಾರೆ, ಎಷ್ಟು ಸಲ ತಿದ್ದಿಕೊಡಬೇಕು, ಚಿತ್ರವನ್ನು ಎಲ್ಲೆಲ್ಲಿ ಬಳಸಬಹುದು. ಕೈಗೆ ಕೊಡುವ ಚಿತ್ರ ಬೇರೆ, ಅದನ್ನು ಅಚ್ಚು ಹಾಕುವ ಹಕ್ಕು ಬೇರೆ. ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ, ಏಟು ತಿಂದು ಕಲಿತಿದ್ದು. ಒಬ್ಬರಿಗೆ ಮುಖಪುಟ ಮಾಡಿಕೊಟ್ಟೆ, ಬಾಯಿಮಾತಿನಲ್ಲೇ. "ಒಂದು ಸಣ್ಣ ಬದಲಾವಣೆ ಸಾರ್" ಅಂತ ಹನ್ನೊಂದು ಸಲ ಮಾಡಿಸಿ, ಕೊನೆಗೆ "ಯಾಕೋ ಮನಸ್ಸಿಗೆ ಹಿಡಿಸಲಿಲ್ಲ" ಅಂದರು. ಮುಂದಿನ ವರ್ಷ ಅದೇ ಚಿತ್ರ ಅವರ ಕ್ಯಾಲೆಂಡರಿನಲ್ಲಿ ನಗುತ್ತಿತ್ತು! ಜಗಳ ಆಡೋಣ ಅಂದರೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ.

"ದೊಡ್ಡ ಕಲಾವಿದರೆಲ್ಲ ಹೀಗೆ ಲೆಕ್ಕ ಹಾಕುತ್ತಿದ್ದರಾ?" ಹಾಕುತ್ತಿದ್ದರು ಸ್ವಾಮಿ. 500 ವರ್ಷದ ಹಿಂದೆ ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ತನ್ನ ಅಚ್ಚುಚಿತ್ರಗಳ ಮೇಲೆ ತನ್ನ ಹೆಸರಿನ ಎ ಮತ್ತು ಡಿ ಸೇರಿಸಿದ ಗುರುತು ಹಾಕುತ್ತಿದ್ದ. ಹೆಂಡತಿ ಆಗ್ನೆಸ್ ಅವನ್ನು ಫ್ರಾಂಕ್‌ಫರ್ಟ್ ಜಾತ್ರೆಯಲ್ಲಿ ಮಾರುತ್ತಿದ್ದಳು. ಇನ್ನು ನಿಮ್ಮೆಲ್ಲರ ಮೆಚ್ಚಿನ ಬಡಪಾಯಿ, ಡಚ್ ಚಿತ್ರಕಾರ ವ್ಯಾನ್ ಗೋ. 1890ರಲ್ಲಿ ಅವನು ಸತ್ತ, ಆರು ತಿಂಗಳಲ್ಲಿ ತಮ್ಮ ಥಿಯೋನೂ ಹೋದ. ಆಮೇಲೆ ಆ ಚಿತ್ರಗಳನ್ನು ಪ್ರದರ್ಶನಕ್ಕೆ ಕಳಿಸಿದ್ದು, ಮಾರಿದ್ದು, 1914ರಲ್ಲಿ ಅವನ ಪತ್ರಗಳನ್ನು ಅಚ್ಚು ಹಾಕಿಸಿದ್ದು ಥಿಯೋನ ಹೆಂಡತಿ ಯೋಹಾನ್ನಾ. ಯಾವ ಚಿತ್ರ ಎಷ್ಟಕ್ಕೆ ಹೋಯಿತು ಅಂತ ಲೆಕ್ಕದ ಪುಸ್ತಕ ಇಟ್ಟಿದ್ದಳು ಆಕೆ. ಲೆಕ್ಕದ ಪುಸ್ತಕ! ಕೇಳಿಸಿತಾ ಮಹಾನುಭಾವರೇ?

ಅಂದ ಹಾಗೆ ನನ್ನ ಪ್ರಿಂಟುಗಳ ಲಿಂಕ್ ಕೆಳಗಿದೆ. ಕೊಂಡವರಿಗೆ ಬಿಲ್ ಸಿಗುತ್ತದೆ, ಸುಮ್ನೆ ಅಲ್ಲ.

"ದುಡ್ಡಿನ ಯೋಚನೆ ಬಂದರೆ ಸ್ಫೂರ್ತಿ ಹೋಗುತ್ತದೆ" ಅಂತ ಇನ್ನೊಬ್ಬರು. ಬಾಡಿಗೆ ಕಟ್ಟದೆ ಇದ್ದಾಗ ನಿಮ್ಮ ಸ್ಫೂರ್ತಿ ಬಾಗಿಲು ತೆಗೆದು ಮನೆ ಓನರ್ ಹತ್ತಿರ ಮಾತಾಡುತ್ತದಾ? ನಲ್ಲಿ ರಿಪೇರಿಗೆ ಬಂದವರನ್ನು "ಪ್ರೀತಿಯಿಂದ ಮಾಡಿಕೊಡಿ" ಅಂತ ಕೇಳುತ್ತೀರಾ? ನನ್ನನ್ನು ಮಾತ್ರ ಯಾಕೆ ಕೇಳುತ್ತೀರಿ?

ಬರೆದುಕೊಳ್ಳಿ. ಅಡ್ವಾನ್ಸ್ ತೆಗೆದುಕೊಳ್ಳಿ. ಗೆಳೆಯನಾದರೂ ಬರೆದುಕೊಳ್ಳಿ, ಗೆಳೆಯನಾದರೆ ಇನ್ನೂ ಜಾಸ್ತಿ ಬರೆದುಕೊಳ್ಳಿ. ಹೇಳಿದ್ದನ್ನೇ ಹೇಳುತ್ತಿದ್ದೇನೆ ಅಂತೀರಾ? ಹೌದು, ಹೇಳುತ್ತೇನೆ, ನನ್ನ ಚಾನೆಲ್ ಇದು! ಇದಕ್ಕೂ ಆ ಮಹಾನುಭಾವರು ಏನಾದರೂ ಬರೆಯುತ್ತಾರೆ, ಬರೆಯಲಿ, ಅಷ್ಟಾದರೂ ಬರೆಯುವ ಅಭ್ಯಾಸ ಆಗಲಿ.

ನೀಲಿ ಬಣ್ಣದ ವಿಡಿಯೋ ಮುಂದಿನ ವಾರ. ಕಾಮೆಂಟ್ ಓದದೆ ಇದ್ದರೆ.